ಬೇಗ ಕೊಟ್ಟ ಉತ್ತರಪತ್ರಿಕೆಗಳು

ಟಣ್, ಟಣ್, ಟಣ್. ಗ್ಯಾಸ್ ಗಾಡಿಯವನು ಸಿಲಿಂಡರಿಗೆ ಸ್ಪ್ಯಾನರಿನಿಂದ ಬಡಿಯುತ್ತಾ ಬೀದಿಯ ಆ ತುದಿಯಿಂದ ಬರುತ್ತಿದ್ದ. ಓಮಾನಿನ ಸೊಹಾರ್ ಪಟ್ಟಣದ ಫಲಜ್ ಅಲ್ ಕಬಾಯಿಲ್‌ನಲ್ಲಿ ಮಧ್ಯಾಹ್ನದ ಆ ಹೊತ್ತಿಗೆ ಬೇರೆ ಸದ್ದಿರುವುದಿಲ್ಲ. ಹಗಲು ಪಾಳಿಯವರನ್ನು ಕಂಪನಿ ಬಸ್ಸುಗಳು ಬಂದರಿನ ಕಡೆಗೆ ಒಯ್ದಿರುತ್ತವೆ, ರಾತ್ರಿ ಪಾಳಿಯವರು ಪರದೆ ಎಳೆದು ಮಲಗಿರುತ್ತಾರೆ. ಸೌಮ್ಯಶ್ರೀ ಬರಿಗಾಲಿನಲ್ಲೇ ಬಾಲ್ಕನಿಗೆ ಓಡಿ ಬಂದು ಎರಡೂ ಕೈ ಎತ್ತಿ ಬೀಸಿದಳು.

"ಭಾಯ್, ಬಸ್! ಬಜಾನಾ ಮತ್! ಆಜ್ ಗ್ಯಾಸ್ ನಹೀಂ ಚಾಹಿಯೇ!"

ಅವನು ತಲೆ ಎತ್ತಿದ. "ಆಪ್‌ಕೋ ನಹೀಂ ಚಾಹಿಯೇ ಭಾಭೀ, ದೂಸರೋಂ ಕೋ ತೋ ಚಾಹಿಯೇ," ಎಂದು ಇನ್ನೊಮ್ಮೆ, ಅವಳ ಮರ್ಯಾದೆಗೆಂಬಂತೆ ಮೆಲ್ಲಗೆ ಬಡಿದು ಮುಂದೆ ಹೋದ.

ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಅದರ ಹಿಂದೆ ಮಗಳು ನಿಶ್ಮಿತಾ ಲ್ಯಾಪ್‌ಟಾಪಿನ ಎದುರು ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡು ಕೂತಿದ್ದಳು. ದೆಹಲಿಯ ಆಚೆಗಿನ ಒಂದು ಕಾಲೇಜಿನವರು ಅವಳ ಸಂದರ್ಶನ ನಡೆಸುತ್ತಿದ್ದರು. ಅಲ್ಲಿ ಭೂವಿಜ್ಞಾನಕ್ಕೆ ಬೆರಳೆಣಿಕೆಯ ಸೀಟು. ಹನ್ನೆರಡನೆಯ ತರಗತಿಯ ಅಂಕ ಒಂದನ್ನೇ ನೋಡಿ ಒಳಗೆ ಬಿಡುವವರಲ್ಲ ಅವರು. ಒಂಬತ್ತರಿಂದ ಹಿಡಿದು ನಾಲ್ಕೂ ವರ್ಷದ ಅಂಕ ತರಿಸಿಕೊಂಡಿದ್ದರು. ನಿಶ್ಮಿತಾಳದು ಒಂಬತ್ತರಲ್ಲಿ ನಲವತ್ತೊಂಬತ್ತು. ಹತ್ತರಲ್ಲಿ ಎಪ್ಪತ್ತೆರಡು, ಹನ್ನೊಂದರಲ್ಲಿ ಎಂಬತ್ತೊಂಬತ್ತು, ಈ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತೊಂಬತ್ತನಾಲ್ಕು.

ಸೌಮ್ಯಶ್ರೀ ಅಷ್ಟು ಹೊತ್ತೂ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದಳು. ಕಲ್ಲುಗಳ ಬಗ್ಗೆ ಮಗಳು ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳುತ್ತಿದ್ದುದು ಕೇಳಿಸಿತ್ತು. ಆಮೇಲೆ ಒಬ್ಬ ಹೆಂಗಸಿನ ದನಿ, ಅದರಲ್ಲಿ 'ನೈನ್ತ್' ಎಂಬ ಒಂದು ಮಾತು. ಅದರ ಬೆನ್ನಿಗೇ ಗ್ಯಾಸ್ ಗಾಡಿ ಬಂದಿತ್ತು. ಈಗ ಮರಳಿ ಬಾಗಿಲಿಗೆ ಕಿವಿಯಿಟ್ಟರೆ ಕುರ್ಚಿ ಹಿಂದೆ ಸರಿದ ಸದ್ದು ಮಾತ್ರ.

ನಿಶ್ಮಿತಾ ಹೊರಗೆ ಬಂದು ನೀರು ಕುಡಿದಳು.

"ಆಯ್ತಾ?"

"ಡನ್."

"ಎಂತ ಕೇಳಿದ್ರು?"

"ಎಲ್ಲ ಕೇಳಿದ್ರು, ಅಮ್ಮ. ಹಸಿವಾಗ್ತಾ ಉಂಟು."

ಸೌಮ್ಯಶ್ರೀ ಸಾರು ಬಿಸಿ ಮಾಡಲು ಹೋದಳು. ಮತ್ತೊಂದು ಪ್ರಶ್ನೆ ಕೇಳುವ ಧೈರ್ಯ ಅವಳಿಗಿರಲಿಲ್ಲ. ಒಂಬತ್ತನೆಯ ತರಗತಿ ಎಂದರೆ ಅವಳಿಗೆ ಮಗಳ ಅಂಕ ನೆನಪಾಗುತ್ತಿರಲಿಲ್ಲ. ಆಸ್ಪತ್ರೆಯ ಒಂದು ಕಿಟಕಿ, ಅದರಾಚೆ ಬಿಸಿಲಿಗೆ ಕಾಯುತ್ತಿದ್ದ ನೀರಿನ ಟ್ಯಾಂಕು, ಅದರ ಮೇಲೆ ಕೂರುತ್ತಿದ್ದ ಕಾಗೆ ನೆನಪಾಗುತ್ತಿದ್ದವು.

ಆ ವರ್ಷ ಅವಳ ಎರಡನೆಯ ಮಗು ಏಳು ತಿಂಗಳಿಗೇ ಹೊಟ್ಟೆಯಲ್ಲಿ ತೀರಿಕೊಂಡಿತು. ಮೊದಲು ನಿದ್ದೆ ಹೋಯಿತು, ಆಮೇಲೆ ಮಾತು. ಒಂದು ಮಧ್ಯಾಹ್ನ ಸೊಹಾರಿನ ಕಡಲಿನೊಳಗೆ ನಡೆದು ಹೋಗಿದ್ದವಳನ್ನು ಬಲೆ ಎಳೆಯುತ್ತಿದ್ದ ಮೀನುಗಾರರು ಕೈಹಿಡಿದು ದಡಕ್ಕೆ ಕರೆತಂದರು. ಅವರು ಯಾರೋ, ಇವಳು ಯಾರೋ. ಒಬ್ಬ ಮುದುಕ ತನ್ನ ತಲೆವಸ್ತ್ರ ಬಿಚ್ಚಿ ಅವಳ ಹೆಗಲಿಗೆ ಹೊದೆಸಿ, ಪೊಲೀಸರಿಗೂ ಹೇಳದೆ, ಅವಳ ಗಂಡ ಬರುವ ತನಕ ದೋಣಿಯ ನೆರಳಿನಲ್ಲಿ ಕೂರಿಸಿಕೊಂಡಿದ್ದ. ಅದೇ ವಾರ ಗಂಡ ಭೋಜರಾಜ ಅವಳನ್ನು ಮಂಗಳೂರಿಗೆ ಕರೆದೊಯ್ದು ಆಸ್ಪತ್ರೆಗೆ ಸೇರಿಸಿದ. ಆಸ್ಪತ್ರೆಯಿಂದ ಮೂಲ್ಕಿಯಲ್ಲಿದ್ದ ಅವಳ ಅಣ್ಣನ ಮನೆ, ಅಲ್ಲಿಂದ ಮತ್ತೆ ಆಸ್ಪತ್ರೆ. ಅವಳು ಸೊಹಾರಿಗೆ ಮರಳುವಾಗ ಮಗಳ ಒಂಬತ್ತನೆಯ ತರಗತಿ ಮುಗಿಯುತ್ತಾ ಬಂದಿತ್ತು.

ಇದು ಮನೆಯ ಮೂವರಿಗೆ ಮತ್ತು ಊರಿನ ಅಣ್ಣನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕೇಳಿದವರಿಗೆಲ್ಲ ಭೋಜರಾಜ ಒಂದೇ ಮಾತು ಹೇಳಿದ್ದ: "ಊರಿಗೆ ಹೋಗಿದ್ದಾಳೆ." ಗಲ್ಫಿನ ನಮ್ಮವರ ನಡುವೆ ಈ ಮಾತು ಒಂದು ಕದದ ಹಾಗೆ. ಎಳೆದುಕೊಂಡರೆ ಆಚೆಯಿಂದ ಯಾರೂ ತಟ್ಟುವುದಿಲ್ಲ. ಹೆರಿಗೆಗೆ ಹೋದವರೂ ಊರಿಗೆ ಹೋದವರೇ, ಕೆಲಸ ಹೋದವರೂ, ಗಂಡನ ಜೊತೆ ಮಾತು ಬಿಟ್ಟವರೂ, ಗಂಟಲಲ್ಲಿ ಗಡ್ಡೆ ಕಂಡವರೂ. ಕೇಳಿದವರು "ಹೌದಾ, ಬರುವಾಗ ಸ್ವಲ್ಪ ಕುಚ್ಚಲಕ್ಕಿ ತರ್ಲಿಕ್ಕೆ ಹೇಳಿ" ಎನ್ನುತ್ತಾರೆ. ನಾಳೆ ತಮಗೂ ಅದೇ ಕದ ಬೇಕಾಗಬಹುದೆಂದು ಎಲ್ಲರಿಗೂ ಗೊತ್ತು.

ಸಂಜೆ ಭೋಜರಾಜ ಬಂದ. ಬಂದರಿನ ಅಲ್ಯೂಮಿನಿಯಂ ಕಾರ್ಖಾನೆಯೊಂದರಲ್ಲಿ ಅವನು ಟೆಕ್ನೀಶಿಯನ್. ಶೂ ಬಿಚ್ಚುವ ಮೊದಲೇ ಕೇಳಿದ.

"ಎಂತ ಮಗಾ, ಸೀಟು ಕೊಟ್ರಾ ಇಲ್ವಾ? ಅಲ್ಲ, ನಾನೇ ಬಂದು ಮಾತಾಡ್ಬೇಕಾ?"

"ಅಪ್ಪ, ಇದು ಗೋಳಿಬಜೆ ಪಾರ್ಸೆಲ್ ಅಲ್ಲ, ಕೂಡ್ಲೇ ಕೊಡ್ಲಿಕ್ಕೆ."

"ಮತ್ತೆ ಎಂತ ಕೇಳಿದ್ರು ಅಷ್ಟು ಹೊತ್ತು?"

"ನಾನು ಕಲ್ಲು ಹೆಕ್ಕುವ ಒಣಹೊಳೆ ಉಂಟಲ್ಲ, ಆ ವಾದಿ ಬಗ್ಗೆ ಕೇಳಿದ್ರು. ಯಾಕೆ ಜಿಯಾಲಜಿ ಅಂತ. ಮತ್ತೆ ನೈನ್ತ್ ಬಗ್ಗೆ."

ಭೋಜರಾಜ ಒಂದು ಕಾಲಿನ ಶೂ ಕೈಯಲ್ಲಿ ಹಿಡಿದು ನಿಂತ. "ನೀನೆಂತ ಹೇಳಿದೆ?"

"ಅಮ್ಮ ಊರಿಗೆ ಹೋಗಿದ್ರು ಅಂತ."

"ಹಾಂ. ಸರಿ ಹೇಳಿದ್ದೀ." ಅವನು ಉಸಿರು ಬಿಟ್ಟು ಶೂವನ್ನು ಗೋಡೆಗೆ ಒರಗಿಸಿದ. "ಖಲಾಸ್. ಅಷ್ಟೇ ಅಲ್ವಾ?"

"ಅಷ್ಟೇ ಅಲ್ಲ. ಅವರು ಕೇಳಿದ್ರು, ಅಮ್ಮ ಸ್ವಲ್ಪ ತಿಂಗಳು ಊರಲ್ಲಿದ್ದಕ್ಕೆ ಇಷ್ಟು ಮಾರ್ಕ್ಸ್ ಬಿದ್ದಿದ್ರೆ ಇಲ್ಲಿ ಹಾಸ್ಟೆಲಲ್ಲಿ ನಾಲ್ಕು ವರ್ಷ ಹೇಗಿರ್ತೀ ಅಂತ."

ಭೋಜರಾಜ ಎರಡನೆಯ ಶೂವನ್ನೂ ಬಿಚ್ಚಿ ಮೊದಲಿನದರ ಪಕ್ಕ ಇಟ್ಟ.

"ಐ ಸೆಡ್ ಐ ವಿಲ್ ಮ್ಯಾನೇಜ್. ಪ್ರಶ್ನೆ ಕೇಳ್ತಿದ್ದ ಇಬ್ಬರೂ ನಕ್ಕರು. ಕೆಟ್ಟ ನಗು ಅಲ್ಲ ಅಮ್ಮ, ಸಣ್ಣ ಮಕ್ಕಳನ್ನು ನೋಡಿ ನಗ್ತಾರಲ್ಲ, ಹಾಗೆ."

ಸೌಮ್ಯಶ್ರೀ ಕುಕ್ಕರಿನ ಮುಚ್ಚಳ ತೆಗೆಯಲು ಹೋಗಿ ಕೈ ಸುಟ್ಟುಕೊಂಡಳು. ನಳ್ಳಿಯ ಕೆಳಗೆ ಬೆರಳು ಹಿಡಿದರೆ ನೀರು ಬೆಚ್ಚಗಿತ್ತು. ತಮ್ಮೂರಿನವರಿಗೆಲ್ಲ ಸಾಕಾಗಿದ್ದ ಮಾತು ಅಲ್ಲಿ ಹೀಗೆ ಕೇಳಿಸಿತೇ ಎಂದು ಅವಳಿಗೆ ಅಚ್ಚರಿಯಾಯಿತು. ಆಮೇಲೆ ಅಚ್ಚರಿ ಹೋಗಿ ಆ ಕಾಲೇಜಿನವರ ಮೇಲೆ ಸಿಟ್ಟು ಬಂತು.

ಸೌಮ್ಯಶ್ರೀ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದವಳು; ಸಂದರ್ಶನದ ದಿನ ಮಾತ್ರ ರಜೆ ಹಾಕಿದ್ದಳು. ಮಕ್ಕಳಿಗೆ ಅವಳು ಬಸ್ ಆಂಟಿ. ಊರಿನಿಂದ ಮರಳಿದ ಮೇಲೆ, ಡಾಕ್ಟರರು ದಿನಾ ಮನೆಯಿಂದ ಹೊರಗೆ ಹೋಗುವ ಕೆಲಸ ಹುಡುಕಿಕೊಳ್ಳಿ ಎಂದದ್ದಕ್ಕೆ, ಇದನ್ನು ಹಿಡಿದಿದ್ದಳು. ಬೆಳಗಿನ ಮಂದ ಬೆಳಕಿನಲ್ಲಿ ಪ್ರತಿ ಕಟ್ಟಡದ ಕೆಳಗೂ ಒಬ್ಬ ತಾಯಿ ನಿದ್ದೆಗಣ್ಣಿನ ಒಂದು ಮಗುವನ್ನು ಹಿಡಿದು ನಿಂತಿರುತ್ತಾಳೆ. ಇವಳು ಇಳಿದು, ಆ ಕೈಯಿಂದ ಮಗುವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಾಳೆ. ಮಗುವಿನ ಕೈ ಬಿಡಲು ಯಾವ ತಾಯಿಯೂ ಇದುವರೆಗೆ ಎರಡನೆಯ ಬಾರಿ ಯೋಚಿಸಿದ್ದಿಲ್ಲ. ತಾನು ಬದುಕಿದ್ದೇನೆ ಎಂದು ಅವಳಿಗೆ ನಂಬಿಕೆ ಬರುತ್ತಿದ್ದುದು ಆ ಗಳಿಗೆಗಳಲ್ಲಿ.

ಮರುದಿನ ಗುರುವಾರ. ಶಾಲೆ ಬಿಟ್ಟು ಮಕ್ಕಳು ಬಸ್ಸು ಹತ್ತುವಾಗ ಒಲಿಂಡಾ ಟೀಚರ್ ಅಂಗಳದಲ್ಲಿ ಅವಳನ್ನು ತಡೆದರು. ಬಜ್ಪೆಯವರು, ಹೈಸ್ಕೂಲಿಗೆ ಜೀವಶಾಸ್ತ್ರ ಕಲಿಸುತ್ತಾ ಮಕ್ಕಳ ಕಾಲೇಜು ಅರ್ಜಿಗಳನ್ನೂ ನೋಡಿಕೊಳ್ಳುವವರು.

"ಸೌಮ್ಯ, ಸ್ವಲ್ಪ ಈಚೆ ಬನ್ನಿ. ಆ ಕಾಲೇಜಿಂದ ಫೋನ್ ಬಂದಿತ್ತು. ಆದಿತ್ಯವಾರ ನನ್ನ ಹತ್ರ ಮಾತಾಡ್ತಾರಂತೆ, ನಿಶ್ಮಿತಾ ವಿಷಯ. ಅವಳನ್ನು ಇಷ್ಟಪಟ್ಟಿದ್ದಾರೆ. ಆದ್ರೆ ಎರಡು ಮನಸ್ಸು."

"ನೈನ್ತ್ ವಿಷಯವಾ ಟೀಚರ್?"

"ಅದೇ. ನೋಡಿ, ಮಾರ್ಕ್ಸ್ ಕೆಳಗಿಂದ ಮೇಲೆ ಹೋಗುದು ಒಳ್ಳೇದೇ. ಮೇಲಿಂದ ಕೆಳಗೆ ಬಂದವರನ್ನು ಅವರು ಮುಟ್ಟುದೂ ಇಲ್ಲ. ಆದ್ರೆ ನಾಲ್ಕೂ ವರ್ಷ ತೊಂಬತ್ತೈದು ತೆಗೆದವರು ಇದೇ ಸೀಟಿಗೆ ಕಾದು ನಿಂತಿದ್ದಾರಲ್ಲ? ಅವರನ್ನು ಬಿಟ್ಟು ಇವಳನ್ನು ಯಾಕೆ ತಗೊಳ್ಬೇಕು? ಬಿದ್ದದ್ದು ಯಾಕೆ, ಎದ್ದದ್ದು ಹೇಗೆ, ಅದು ಗೊತ್ತಾದ್ರೆ ಈ ಏರಿಕೆಗೆ ಬೆಲೆ. ಇಲ್ಲದಿದ್ರೆ ಟ್ಯೂಷನ್ ಕೊಡಿಸಿ ಮೇಲೆ ತಂದದ್ದು ಅಂತಾರೆ, ಇಲ್ಲಾ ಶಾಲೆಯವರು ಧಾರಾಳವಾಗಿ ಹಾಕಿದ್ದು ಅಂತಾರೆ."

"ಅವಳು ಟ್ಯೂಷನ್ನಿಗೆ ಹೋದದ್ದೇ ಇಲ್ಲ."

"ನನಗೆ ಗೊತ್ತಿಲ್ವಾ? ಅದಕ್ಕೇ ಕೇಳುದು. ನನಗೆ ಹೇಳ್ಲಿಕ್ಕೆ ಒಂದು ಕಾರಣ ಕೊಡಿ, ಸೌಮ್ಯ." ಒಲಿಂಡಾ ಟೀಚರ್ ದನಿ ತಗ್ಗಿಸಿದರು. "ಆ ವರ್ಷ ಎಕ್ಸಾಮ್ ಹಾಲಲ್ಲಿ ನಾನೇ ಇದ್ದೆ. ಅರ್ಧ ಗಂಟೆಯ ಬೆಲ್ ಆಯ್ತೋ ಇಲ್ವೋ, ಪೇಪರ್ ಕೊಟ್ಟು ಎದ್ದು ಹೋಗ್ತಿದ್ಲು. ಒಂದು ಸಬ್ಜೆಕ್ಟಿಗಲ್ಲ, ಎಲ್ಲದಕ್ಕೂ. ಗೊತ್ತಿದ್ದದ್ದನ್ನೂ ಬರೀತಿರ್ಲಿಲ್ಲ. ನಾವೆಲ್ಲ ಕೊಬ್ಬು ಅಂತ ತಿಳ್ಕೊಂಡಿದ್ದೆವು."

ಸೌಮ್ಯಶ್ರೀಗೆ ಇದು ಗೊತ್ತಿರಲಿಲ್ಲ.

ಬಸ್ಸಿನಿಂದ ಹಾರನ್ ಕೇಳಿಸಿತು. ಚಾಲಕ ಖಲ್ಫಾನ್ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದ. ಬಿಳಿ ಗಡ್ಡದ ಓಮಾನಿ, ಬಸ್ಸು ಅವನದೇ. "ಯಲ್ಲಾ ಸುಮಯ್ಯಾ! ಬಚ್ಚಾ ಲೋಗ್ ಮೇರಾ ದಿಮಾಗ್ ಖಾತಾ ಹೈ!" ಸೌಮ್ಯ ಎಂಬುದು ಅವನ ನಾಲಿಗೆಯಲ್ಲಿ ಮೊದಲ ದಿನದಿಂದಲೂ ಸುಮಯ್ಯಾ. ಅವಳು ಓಡಿ ಹತ್ತಿದಳು. ಮಕ್ಕಳ ತಲೆ ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿತು. ಮೂರನೆಯ ಸಲ ಪ್ರತಿ ತಲೆಯನ್ನೂ ಮುಟ್ಟಿ ಎಣಿಸಿದಳು.

ಶುಕ್ರವಾರ ಬೆಳಿಗ್ಗೆ ಭೋಜರಾಜ ಕಾರು ತೊಳೆಯುತ್ತಿದ್ದಲ್ಲಿಗೆ ಹೋಗಿ ನಿಂತಳು.

"ಟೀಚರಿಗೆ ಹೇಳುವನಾ?" ಎಂದಳು.

ಏನನ್ನು ಎಂದು ಅವನು ಕೇಳಲಿಲ್ಲ. ಬಟ್ಟೆ ಹಿಂಡಿ ಮತ್ತೆ ಬಕೆಟಿಗೆ ಅದ್ದಿದ.

"ಒಲಿಂಡಾ ಟೀಚರಿಗೆ ಹೇಳಿದ್ರೆ ಸ್ಟಾಫ್ ರೂಮಿಗೆ ಹೋಗ್ತದೆ. ಅಲ್ಲಿಂದ ಇಲ್ಲಿನ ಕನ್ನಡ ಸಂಘದ ಹೆಂಗಸರ ವಾಟ್ಸಾಪಿಗೆ. ಆಮೇಲೆ ನಿನ್ನ ಬಸ್ಸಿಗೆ ಯಾರು ಮಕ್ಕಳನ್ನು ಹತ್ತಿಸ್ತಾರೆ, ಹೇಳು ನೋಡುವ? ಇಂಥವಳ ಕೈಗೆ ಮಗುವನ್ನು ಕೊಡುದಾ ಅಂತ ಒಬ್ಬಳು ಕೇಳಿದ್ರೆ ಸಾಕು."

"ಅವಳ ಸೀಟು?"

"ಮಂಗಳೂರಲ್ಲಿ ಕಾಲೇಜಿಲ್ವಾ ಮಾರಾಯ್ತಿ? ಅಲ್ಲಿ ಹನ್ನೆರಡರ ಮಾರ್ಕ್ ಒಂದು ನೋಡ್ತಾರೆ, ಒಂಬತ್ತರದ್ದನ್ನು ಕೇಳುವವರೇ ಇಲ್ಲ. ಬಿ.ಎಸ್‌ಸಿ. ಎಲ್ಲಿ ಮಾಡಿದ್ರೂ ಬಿ.ಎಸ್‌ಸಿ.ಯೇ."

"ಕಲ್ಲಿನದ್ದು ಕಲೀಬೇಕು ಅಂತ ಅವಳು ಎಷ್ಟು ವರ್ಷದಿಂದ ಹೇಳ್ತಾ ಇದ್ದಾಳೆ."

ಭೋಜರಾಜ ಕಾರಿನ ಗಾಜನ್ನು ಉಜ್ಜುತ್ತಲೇ ಇದ್ದ. ಅದು ಆಗಲೇ ಸ್ವಚ್ಛವಾಗಿತ್ತು. "ನನಗೆ ಹೆದರಿಕೆ ಸೌಮ್ಯ," ಎಂದ ಅವನು ಕೊನೆಗೆ, ಗಾಜಿಗೆ ಹೇಳುವಂತೆ. "ಮೂರು ವರ್ಷದಿಂದ ನೀನು ಸರಿ ಇದ್ದೀ. ಯಾರಾದ್ರೂ ಒಂದು ಮಾತು ಅಂದು, ಅದರಿಂದ ಪುನಃ..." ಅವಳಿಗೂ ಅದೇ ಭಯವಿತ್ತು.

ಆ ದಿನ ಮಧ್ಯಾಹ್ನ ನಿಶ್ಮಿತಾ ವಾದಿ ಜಿಝ್ಝಿಗೆ ಹೋಗೋಣ ಎಂದಳು. ರಜೆಯ ದಿನ ಅವಳು ಕೇಳುವುದು ಅದೊಂದನ್ನೇ. ಭೋಜರಾಜ ಕಾರನ್ನು ನೆರಳಿಗೆ ನಿಲ್ಲಿಸಿ ಸೀಟು ಹಿಂದಕ್ಕೆ ಬಾಗಿಸಿ ಕಣ್ಣು ಮುಚ್ಚಿದ. ತಾಯಿ ಮಗಳು ಒಣಗಿದ ಹೊಳೆಯ ಪಾತ್ರದಲ್ಲಿ ನಡೆದರು. ಎಡಗಡೆಯ ದಂಡೆಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಕಪ್ಪು ಬಂಡೆ.

"ಇದೆಲ್ಲ ಸಮುದ್ರದ ಅಡಿಯಲ್ಲಿ ಇದ್ದದ್ದು," ನಿಶ್ಮಿತಾ ಒಂದನ್ನು ತಟ್ಟಿ ಹೇಳಿದಳು. "ಲಾವಾ ಹೊರಗೆ ಬಂದ ಕೂಡಲೇ ನೀರು ತಾಗಿ ಹೊರಗಿಂದ ಗಟ್ಟಿಯಾಗ್ತದೆ. ಒಳಗೆ ಮಾತ್ರ ತುಂಬ ಹೊತ್ತು ಬಿಸಿ ಇರ್ತದೆ."

ಸೌಮ್ಯಶ್ರೀ ಬಂಡೆಯನ್ನು ನೋಡಲಿಲ್ಲ. "ಪರೀಕ್ಷೆಯಲ್ಲಿ ಅರ್ಧ ಗಂಟೆಗೆ ಎದ್ದು ಹೋಗ್ತಿದ್ದೆಯಂತೆ, ಆ ವರ್ಷ. ಎಲ್ಲಿಗೆ?"

ನಿಶ್ಮಿತಾ ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು. "ಯಾರು ಹೇಳಿದ್ದು? ಒಲಿಂಡಾ ಮಿಸ್ಸಾ?"

"ಎಲ್ಲಿಗೆ ಮಗಾ?"

"ಬಸ್ಸಿಗೆ."

"ಬಸ್ಸಿಗೆ ಯಾಕೆ?"

"ಫೋನ್ ನೋಡ್ಲಿಕ್ಕೆ." ಅವಳು ಕಲ್ಲನ್ನು ಅಂಗೈಯಿಂದ ಅಂಗೈಗೆ ಬದಲಾಯಿಸುತ್ತಿದ್ದಳು. "ಸ್ಕೂಲಿಗೆ ಫೋನ್ ತರ್ಲಿಕ್ಕಿಲ್ಲ. ಖಲ್ಫಾನ್ ಅಂಕಲ್ ಸೀಟಿನ ಅಡಿಯಲ್ಲಿ ಇಡ್ತಿದ್ದೆ. ಎಕ್ಸಾಮ್ ದಿನ ಬಸ್ ಅಂಗಳದಲ್ಲೇ ನಿಂತಿರ್ತದಲ್ಲ. ಅಪ್ಪ ಡ್ಯೂಟಿಯಲ್ಲಿದ್ರೆ ಫೋನ್ ತೆಗೆಯುದಿಲ್ಲ. ಹಾಗಾಗಿ ಮಾವ ನನಗೇ ಕಾಲ್ ಮಾಡ್ತಾರೆ ಅಂತ ನನಗೆ."

"ಮಾವ ಯಾಕೆ ಕಾಲ್ ಮಾಡುದು?"

"ನೀನು ಇಲ್ಲ ಅಂತ ಹೇಳ್ಲಿಕ್ಕೆ."

ಎದುರಿನ ದಂಡೆಯಲ್ಲಿ ಒಂದು ಮೇಕೆ ಕಲ್ಲು ಉರುಳಿಸಿತು. ಸೌಮ್ಯಶ್ರೀ ಬೆಚ್ಚಿದಳು. ನಿಶ್ಮಿತಾ ತಾಯಿಯ ಕಡೆ ನೋಡದೆ ಹೇಳುತ್ತಾ ಹೋದಳು.

"ಪ್ರಶ್ನೆ ಓದುವಾಗ ಅಲ್ಲಿ ಫೋನ್ ರಿಂಗ್ ಆಗ್ತಾ ಉಂಟು ಅಂತ ಅನಿಸ್ತಿತ್ತು. ಓಡಿ ಹೋಗಿ ನೋಡಿದ್ರೆ ಏನೂ ಇರ್ತಿರ್ಲಿಲ್ಲ. ಮಿಸ್ಡ್ ಕಾಲ್ ಇಲ್ಲ ಅಂದ್ರೆ ಆ ದಿನ ನೀನು ಇದ್ದೀ ಅಂತ. ಅಷ್ಟೇ. ಹತ್ತನೇ ಕ್ಲಾಸಿಗೆ ನೀನೇ ಬಸ್ಸಲ್ಲಿ ಇದ್ದೆಯಲ್ಲ. ಅದಕ್ಕೆ ಕೊನೇ ಬೆಲ್ ತನಕ ಕೂತ್ಕೊಂಡು ಬರ್ದೆ."

ಮಗಳ ಅಂಕ ಏರಲೆಂದು ತಾನು ದೇವರಿಗೆ ಹೂವಿನ ಪೂಜೆ ಹೇಳಿಕೊಂಡದ್ದು, ಭೋಜರಾಜ ಅವಳಿಗೆ ಹೊಸ ಗಣಿತದ ಪುಸ್ತಕ ತರಿಸಿ ಕೊಟ್ಟದ್ದು, ಇಬ್ಬರೂ ಅವನ್ನೇ ಕಾರಣವೆಂದು ನಂಬಿಕೊಂಡದ್ದು ಸೌಮ್ಯಶ್ರೀಗೆ ನೆನಪಾಯಿತು. ಅವಳು ಒಂದು ಬಂಡೆಯ ಮೇಲೆ ಕೂತಳು.

"ಇದನ್ನು ಆ ಕಾಲೇಜಿನವರಿಗೆ ಹೇಳ್ಬಹುದಿತ್ತಲ್ಲ ನೀನು?"

"ಅದು ನಿನ್ನ ವಿಷಯ. ನಾನು ಹೇಗೆ ಹೇಳುದು?"

"ಅಲ್ಲಿ ಹೋದ ಮೇಲೆ? ಹಾಸ್ಟೆಲಲ್ಲಿ ಪರೀಕ್ಷೆ ಬರೀವಾಗ?"

"ಅದನ್ನೇ ಅವರು ಕೇಳಿದ್ದು." ನಿಶ್ಮಿತಾ ಈಗ ತಾಯಿಯನ್ನು ನೋಡಿದಳು. "ಐ ಡೋಂಟ್ ನೋ, ಅಮ್ಮ."

ಕಾಲೇಜಿನವರ ಪ್ರಶ್ನೆ ತಪ್ಪಾಗಿತ್ತು ಎಂದೇ ಸೌಮ್ಯಶ್ರೀ ಎರಡು ದಿನ ಸಿಟ್ಟಾಗಿದ್ದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಅದನ್ನು ಕೇಳಬೇಕಾದದ್ದು ಮಗಳನ್ನಲ್ಲ, ತನ್ನನ್ನು.

ಶನಿವಾರ ಅವಳು ಬೆಳಗಿನ ಮಾತ್ರೆ ನುಂಗಿ, ಬಟ್ಟೆ ಒಗೆದು, ಮಕ್ಕಳ ಬಸ್ಸಿನಲ್ಲಿ ಹಾಕುವ ನೀಲಿ ಕೋಟಿಗೆ ಇಸ್ತ್ರಿ ಹಾಕಿದಳು. ಸಂಜೆ ಭೋಜರಾಜ ಚಹಾ ಕುಡಿಯುವಾಗ "ನಾಳೆ ನಾನು ಟೀಚರ ಹತ್ರ ಕೂತ್ಕೊಳ್ತೇನೆ," ಎಂದಳು. ಅವನು ಅವಳ ಮುಖವನ್ನೇ ನೋಡಿ, "ನಾನೂ ಬರ್ಲಾ?" ಎಂದ. ಬೇಡ ಎಂದಳು. ಅವನು ಚಹಾ ಅರ್ಧಕ್ಕೇ ಬಿಟ್ಟ.

ಆದಿತ್ಯವಾರ ಒಲಿಂಡಾ ಟೀಚರ ಕೋಣೆಯಲ್ಲಿ ಮೂವರಿದ್ದರು. ಎಸಿಯ ಗಾಳಿಗೆ ಗೋಡೆಯ ಮೇಲಿನ ಹೃದಯದ ಚಿತ್ರಪಟ ಸಣ್ಣಗೆ ಅಲ್ಲಾಡುತ್ತಿತ್ತು. ಕರೆ ಬರುವ ಮೊದಲೇ ಸೌಮ್ಯಶ್ರೀ ಟೀಚರಿಗೆ ಹೇಳಬೇಕಾದದ್ದನ್ನು ಹೇಳಿದಳು. ಮಗುವಿನದ್ದು, ಕಡಲಿನದ್ದು, ಆಸ್ಪತ್ರೆಯದ್ದು, ಕೊನೆಗೆ ಬಸ್ಸಿನೊಳಗಿನ ಫೋನಿನದ್ದು. ಒಲಿಂಡಾ ಟೀಚರ್ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು.

"ನಾನು ಅವಳಿಗೆ ಎಲ್ಲರೆದುರು ಬೈದಿದ್ದೆ, ಸೌಮ್ಯ. ಪೇಪರ್ ಅವಳ ಕೈಯಿಂದ ಎಳ್ಕೊಂಡಿದ್ದೆ."

"ಇಟ್ಸ್ ಓಕೆ ಮಿಸ್," ಎಂದಳು ನಿಶ್ಮಿತಾ ನೆಲ ನೋಡುತ್ತಾ.

ಫೋನ್ ಬಂತು. ಅದೇ ಹೆಂಗಸಿನ ದನಿ, ಈಗ ಸ್ಪೀಕರಿನಲ್ಲಿ. ಒಲಿಂಡಾ ಟೀಚರ್ ನಮಸ್ಕಾರ ಹೇಳಿ, ಹುಡುಗಿಯ ತಾಯಿ ಮಾತಾಡಬೇಕಂತೆ ಎಂದರು. ಸೌಮ್ಯಶ್ರೀ ತನ್ನ ಗಲ್ಫ್ ಹಿಂದಿಯಲ್ಲಿ ಶುರು ಮಾಡಿದಳು. ಆ ಹಿಂದಿಯಲ್ಲಿ ತರಕಾರಿ ಕೊಳ್ಳಬಹುದು, ಗ್ಯಾಸಿನವನನ್ನು ಓಡಿಸಬಹುದು. ಇಂಥದ್ದನ್ನು ಹೇಳಲು ಅದರಲ್ಲಿ ಮಾತುಗಳು ಕಡಿಮೆ. ಹಾಗಾಗಿ ಮುಚ್ಚಿಡಲೂ ಆಗಲಿಲ್ಲ. ಮೇಡಂ, ನಾನು ಬೀಮಾರ್ ಇದ್ದೆ, ದಿಮಾಗಿನ ಬೀಮಾರಿ. ನಾನು ಸಾಯುತ್ತೇನೆ ಎಂದು ಹುಡುಗಿಗೆ ಭಯ. ಪರೀಕ್ಷೆ ಬಿಟ್ಟು ಫೋನ್ ನೋಡಲು ಓಡುತ್ತಿದ್ದಳು. ಅಪ್ಪನಿಗೆ ಅನ್ನ ಇವಳೇ ಮಾಡುತ್ತಿದ್ದಳು. ಊರಿಗೆ ಹೋಗಿದ್ದರು ಎಂದು ಇವಳು ನಿಮಗೆ ಹೇಳಿದ್ದು ನಾವು ಕಲಿಸಿದ ಮಾತು.

ಸೌಮ್ಯಶ್ರೀ ಮೇಜಿನ ಅಂಚನ್ನು ಹಿಡಿದಿದ್ದಳು.

"ಧನ್ಯವಾದ," ಎಂದಿತು ದನಿ. ಆಮೇಲೆ, ಮೆಲ್ಲಗೆ, "ಒಂದು ಪ್ರಶ್ನೆ ಕೇಳಬಹುದೇ? ಅವಳು ಇಲ್ಲಿರುವಾಗ ನಿಮಗೆ ಮತ್ತೆ ಹುಷಾರು ತಪ್ಪಿದರೆ?"

ನಿಶ್ಮಿತಾ ತಲೆ ಎತ್ತಿದಳು. ಒಲಿಂಡಾ ಟೀಚರ್ ಫೋನಿನ ಕಡೆ ಕೈ ಚಾಚಿದರು, ಸಾಕು ಎನ್ನುವಂತೆ. ಸೌಮ್ಯಶ್ರೀ ಆ ಕೈಯನ್ನು ತಡೆದಳು.

"ತಪ್ಪಬಹುದು," ಎಂದಳು. "ತಪ್ಪುವುದಿಲ್ಲ ಎಂದು ಡಾಕ್ಟರೂ ಹೇಳಿಲ್ಲ. ಆದರೆ ತಪ್ಪಿದ ದಿನವೇ ಅವಳಿಗೆ ಹೇಳುತ್ತೇವೆ. ನಾನೇ ಹೇಳುತ್ತೇನೆ. ಹೇಳಿಲ್ಲ ಎಂದರೆ ನಾನು ಚೆನ್ನಾಗಿದ್ದೇನೆ ಎಂದು ಅವಳು ನಂಬಬೇಕು." ಹಿಂದಿ ಅಲ್ಲಿಗೆ ಮುಗಿಯಿತು. ಅವಳು ಮಗಳ ಕಡೆ ತಿರುಗಿದಳು. "ನಂಬ್ತೀಯಾ?"

ನಿಶ್ಮಿತಾ ಫೋನನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿದಳು. "ಟ್ರೈ ಮಾಡ್ತೇನೆ," ಎಂದಳು.

ದನಿ ಒಲಿಂಡಾ ಟೀಚರ ಹತ್ತಿರ ಇನ್ನೇನೋ ಕೇಳಿತು. ಹನ್ನೊಂದರ ಪ್ರಯೋಗಾಲಯದ ಅಂಕ, ಹನ್ನೆರಡರ ಅಂದಾಜು. ಹೆಸರನ್ನು ಪಟ್ಟಿಯಿಂದ ತೆಗೆದಿಲ್ಲ, ತಿಂಗಳ ಕೊನೆಗೆ ತಿಳಿಸುತ್ತೇವೆ, ಕೊಟ್ಟರೂ ಹನ್ನೆರಡರಲ್ಲಿ ಈಗಿನ ಅಂಕ ಉಳಿಸಿಕೊಂಡರೆ ಮಾತ್ರ ಎಂದಿತು. ಕರೆ ಮುಗಿಯಿತು. ಒಲಿಂಡಾ ಟೀಚರ್ ಕನ್ನಡಕ ಒರೆಸಿಕೊಂಡರು.

"ಸಿಗ್ತದಾ ಟೀಚರ್?"

"ಗೊತ್ತಿಲ್ಲ ಸೌಮ್ಯ. ಆದ್ರೆ ಈಗ ಅವರಿಗೆ ಯೋಚನೆ ಮಾಡ್ಲಿಕ್ಕೆ ಅವಳು ಇದ್ದಾಳೆ. ಮೊನ್ನೆ ಬರೀ ಮಾರ್ಕ್ಸ್ ಇತ್ತು." ಆಮೇಲೆ ಅವರು ಬಾಗಿಲ ಕಡೆ ನೋಡಿ ಹೇಳಿದರು, "ಇದು ಈ ಕೋಣೆ ದಾಟುದಿಲ್ಲ. ನನ್ನ ಮಾತು."

ಕೋಣೆ ದಾಟದಿದ್ದರೂ ಸೌಮ್ಯಶ್ರೀಗೆ ಹಗುರವಾಗಲಿಲ್ಲ. ಒಂದು ಸಲ ಬಾಯಿಬಿಟ್ಟು ಹೇಳಿದ ಮೇಲೆ ಆ ಮಾತು ಎಲ್ಲ ಕಡೆಯೂ ಕಾದು ನಿಂತಿರುವಂತೆ ಅವಳಿಗೆ ಅನಿಸುತ್ತಿತ್ತು: ಬಸ್ಸಿನ ಮೆಟ್ಟಿಲಲ್ಲಿ, ಕಿಟಕಿಯ ಗಾಜಿನಲ್ಲಿ, ಮಕ್ಕಳ ನಗುವಿನಲ್ಲಿ. ಖಲ್ಫಾನ್ ದಾರಿಯುದ್ದಕ್ಕೂ ಏನೋ ಗುನುಗುತ್ತಿದ್ದ. ಮಧ್ಯದಲ್ಲಿ ಕನ್ನಡಿಯಿಂದ ಅವಳನ್ನು ನೋಡಿ "ಸುಮಯ್ಯಾ, ತಬಿಯತ್ ಠೀಕ್?" ಎಂದ. ಆರೋಗ್ಯ ಸರಿಯೇ ಎಂದು ಅವನು ಪ್ರತಿದಿನವೂ ಕೇಳುವ ಮಾತು. ಇಂದು ಅವಳು ಮಕ್ಕಳ ತಲೆಗಳನ್ನು ಮತ್ತೆ ಎಣಿಸತೊಡಗಿದಳು.

ಮೂರನೆಯ ನಿಲ್ದಾಣದಲ್ಲಿ ಆಶಿತಾ ನಿಂತಿದ್ದಳು. ಮೈಸೂರಿನ ಕಡೆಯವಳು, ಗಂಡ ರಿಫೈನರಿಯಲ್ಲಿ ಎಂಜಿನಿಯರ್, ಮಗಳು ಕೆಜಿ ತರಗತಿ. ಮಗು ಎಂದಿನಂತೆ ಸೌಮ್ಯಶ್ರೀಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ಅವಳು ಅದನ್ನು ಎತ್ತಿಕೊಂಡೇ ಇಳಿದಳು.

"ಅಯ್ಯೋ, ಮತ್ತೆ ಮಲಗ್ಬಿಟ್ಲಾ? ನಿಮ್ ಹೆಗ್ಲು ಸಿಕ್ಬಿಟ್ರೆ ಸಾಕು ಕಣ್ರೀ ಇವಳಿಗೆ, ನನ್ ಹತ್ರ ಒಂದಿನ ಮಲಗಲ್ಲ." ಆಶಿತಾ ಮಗುವನ್ನು ತೆಗೆದುಕೊಂಡಳು. "ಏನಂದ್ರು ಕಾಲೇಜಿನವ್ರು? ಒಂಬತ್ತನೇ ಕ್ಲಾಸಿನ ಮಾರ್ಕ್ಸೂ ಕೇಳ್ತಾರಂತೆ? ಏನ್ ಜನಾನೋ! ಆವಾಗ ನೀವೇ ಇರ್ಲಿಲ್ವಲ್ರೀ, ಊರಿಗೆ ಹೋಗಿದ್ರಿ."

ಹೂಂ ಎಂದರೆ ಸಾಕಿತ್ತು. ಆ ಕದ ಇನ್ನೂ ಅಲ್ಲೇ ಇತ್ತು, ಎಳೆದುಕೊಳ್ಳಬಹುದಿತ್ತು. ಸೌಮ್ಯಶ್ರೀ ಬಸ್ಸಿನ ಕಡೆ ನೋಡಿದಳು. ಹಿಂದಿನ ಸೀಟಿನಲ್ಲಿ ನಿಶ್ಮಿತಾ ಕಿಟಕಿ ತೆರೆದು ಕೂತಿದ್ದಳು. ಅವಳಿಗೆ ಎಲ್ಲ ಕೇಳಿಸುತ್ತಿತ್ತು. ಟ್ರೈ ಮಾಡುತ್ತೇನೆ ಎಂದ ಹುಡುಗಿ.

"ಊರಿಗೇ ಹೋಗಿದ್ದೆ, ಆದ್ರೆ ಆಸ್ಪತ್ರೆಗೆ," ಎಂದಳು ಸೌಮ್ಯಶ್ರೀ. ದನಿ ತೀರಾ ಸಣ್ಣದಾಗಿತ್ತು. "ಮನಸ್ಸಿನ ಕಾಯಿಲೆ. ಮಗು ಹೋದ ಮೇಲೆ ಬಂದದ್ದು. ಈಗಲೂ ಮಾತ್ರೆ ತಗೊಳ್ತೇನೆ."

ಆಶಿತಾಳ ಮುಖದಲ್ಲಿ ನಗು ಹಾಗೇ ಇತ್ತು, ತೆಗೆಯಲು ಮರೆತ ಹಾಗೆ. "ಓ," ಎಂದಳು. "ಗೊತ್ತೇ ಇರ್ಲಿಲ್ಲ." ಮಗುವಿನ ಬೆನ್ನ ಮೇಲಿದ್ದ ಅವಳ ಕೈ ಸ್ವಲ್ಪ ಬಿಗಿಯಾಯಿತು. ಬೇಕೆಂದು ಮಾಡಿದ್ದಲ್ಲ ಅದು, ಕೈ ತಾನಾಗಿ ಮಾಡಿದ್ದು. ಆದರೆ ಸೌಮ್ಯಶ್ರೀ ಮೂರು ವರ್ಷದಿಂದ ಹೆದರಿ ಕಾಯುತ್ತಿದ್ದುದು ಆ ಬಿಗಿಯುವ ಬೆರಳುಗಳನ್ನೇ.

ಹಾರನ್ ಕೇಳಿಸಿತು. ಒಳಗೆ ಮಕ್ಕಳು ಕಿರುಚಾಡುತ್ತಿದ್ದರು, ಇಳಿಯುವವರು ಇನ್ನೂ ಅರ್ಧ ಬಸ್ಸು.

"ನಾಳೆ ಬೆಳಿಗ್ಗೆ ನಾವು ಎಂದಿನ ಹೊತ್ತಿಗೇ ಬರ್ತೇವೆ," ಅವಳು ಹಿಂದಕ್ಕೆ ಹೆಜ್ಜೆ ಇಡುತ್ತಾ ಹೇಳಿದಳು. "ಕಳಿಸ್ತೀರಿ ಅಂತಾದ್ರೆ ಕೆಳಗೆ ನಿಂತಿರಿ. ಇಲ್ಲ ಅಂದ್ರೂ ನಂಗೆ ಬೇಜಾರಿಲ್ಲ, ಬೇಜಾರಿಲ್ಲ ಅಂತಲ್ಲ, ಆದ್ರೆ ಒಂದು ಮೆಸೇಜ್ ಹಾಕಿ, ಬಸ್ಸಲ್ಲಿ ಉಳಿದ ಮಕ್ಕಳು ಕಾಯುದು ಬೇಡ, ನಾನು ಖಲ್ಫಾನಿಗೆ ಹೇಳಿ ಗಾಡಿಯನ್ನು" ಎನ್ನುತ್ತಾ ಅವಳು ತಿರುಗಿ, ತೆರೆದ ಬಾಗಿಲ ಕಡೆಗೆ ನಡೆಯುತ್ತಾ, ಉಳಿದದ್ದನ್ನು ಮೆಟ್ಟಿಲು ಹತ್ತುತ್ತಾ ಕೂಗಿ ಹೇಳಿದಳು: "ನಿಲ್ಲಿಸದೆ ಮುಂದೆ ಬಿಡಿಸ್ತೇನೆ."